ರಾಜೀನಾಮೆ ಪತ್ರ: ನಾನು ಬರೆಯುವ ಕ್ರಮ

ರಾಜೀನಾಮೆ ಪತ್ರವನ್ನು ನಾನು ಐದು ಸಾಲು ದಾಟಲು ಬಿಡುವುದಿಲ್ಲ, ಬೇರೆಯವರಿಗೆ ಬರೆದುಕೊಡುವಾಗಲೂ ಅಷ್ಟೇ. ದಿನಾಂಕ, ನೇಮಕಾತಿ ಆದೇಶ ಕೊಟ್ಟ ಅಧಿಕಾರಿಯ ಪದನಾಮ, ಬಿಡುತ್ತಿರುವ ಹುದ್ದೆ, ನೌಕರರ ಸಂಖ್ಯೆ, ಕೆಲಸದ ಕೊನೆಯ ದಿನ, ಸಹಿ. ಕಾರಣ ಬರೆಯಲೇಬೇಕು ಅಂದರೆ ‘ವೈಯಕ್ತಿಕ ಕಾರಣ’ ಸಾಕು. ಗಮನವಿಡಬೇಕಾದದ್ದು ‘ರಾಜೀನಾಮೆ ನೀಡುತ್ತಿದ್ದೇನೆ’ ಎಂಬ ವಾಕ್ಯದ ಮೇಲೆ. ‘ನೀಡಬೇಕೆಂದಿದ್ದೇನೆ’, ‘ಬಿಡುವ ಯೋಚನೆಯಲ್ಲಿದ್ದೇನೆ’ ಎಂದು ಬರೆದರೆ ಅದು ಬರೀ ಇಂಗಿತವಾಗುತ್ತದೆ, ನೋಟಿಸ್ ಅವಧಿ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ದಿನಗಳು) ಯಾವತ್ತಿನಿಂದ ಶುರು ಎಂಬ ತಕರಾರು ಅಲ್ಲೇ ಹುಟ್ಟುತ್ತದೆ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದ್ದನ್ನು ನಂಬಿ ಕೂರಬಾರದು. ಇಮೇಲ್, ಪೋರ್ಟಲ್ ಎರಡೂ ಇದ್ದರೆ ಒಂದೇ ದಿನ ಎರಡರಲ್ಲೂ ಹಾಕಿ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಕೊನೆಯ ದಿನ ಕಳೆದ ಮೇಲೆ ಆಫೀಸಿನ ಮೇಲ್ ತೆರೆಯುವುದಿಲ್ಲ.

ಒಕ್ಕಣೆಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಅನ್ನುವವರು 2019ರ ಜುಲೈ ನೆನಪಿಸಿಕೊಳ್ಳಲಿ. ಕರ್ನಾಟಕದ ಶಾಸಕರು ಕೊಟ್ಟ ರಾಜೀನಾಮೆಗಳಲ್ಲಿ ಹಲವು ನಿಗದಿತ ನಮೂನೆಯಲ್ಲಿಲ್ಲ ಎಂದು ಆಗಿನ ಸ್ಪೀಕರ್ ಹೇಳಿದ್ದರು. ಅವರೆಲ್ಲ ಮತ್ತೆ ಬರೆದುಕೊಡಬೇಕಾಯಿತು.

‘ನೀವೇ ಪೇಪರ್ ಹಾಕಿ, ಇಲ್ಲದಿದ್ದರೆ ತೆಗೆದುಹಾಕುತ್ತೇವೆ’ ಎಂದು ಒತ್ತಡ ಬಂದಾಗ ‘ಸ್ವಇಚ್ಛೆಯಿಂದ’ ಎಂಬ ಪದ ಬರೆಯಲೇಬಾರದು. ಕಾನೂನಿನ ಪ್ರಕಾರ ಕಾರ್ಮಿಕ ವರ್ಗಕ್ಕೆ ಸೇರಿದವರನ್ನು ಹೆಚ್ಚುವರಿ ಎಂದು ತೆಗೆದರೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ತಾವಾಗಿಯೇ ಬಿಟ್ಟವರಿಗೆ ಅದು ಸಿಗುವುದಿಲ್ಲ. ಆ ಒಂದು ಪದದಿಂದ ಪರಿಹಾರ ಕೈತಪ್ಪಬಹುದು.

ಸರ್ಕಾರಿ ನೌಕರಿಯಲ್ಲಿ ಪದದ ಬೆಲೆ ಇನ್ನೂ ಹೆಚ್ಚು. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಹೋಗುತ್ತದೆ, ಪಿಂಚಣಿ ಇಲ್ಲ. ಸ್ವಯಂ ನಿವೃತ್ತಿಯಾದರೆ ಪಿಂಚಣಿ ಉಳಿಯುತ್ತದೆ. ಕೇಂದ್ರದ ಹಳೆ ಪಿಂಚಣಿ ನಿಯಮದಡಿ ಅದಕ್ಕೆ 20 ವರ್ಷದ ಅರ್ಹ ಸೇವೆ ಆಗಿರಬೇಕು, ಮೂರು ತಿಂಗಳ ನೋಟಿಸ್ ಕೊಡಬೇಕು. ಇಪ್ಪತ್ತು ವರ್ಷ ದುಡಿದಿದ್ದೇನೆ, ಹಾಗಾಗಿ ನನ್ನ ರಾಜೀನಾಮೆಯನ್ನೇ ಸ್ವಯಂ ನಿವೃತ್ತಿ ಎಂದುಕೊಳ್ಳಿ ಎಂಬ ವಾದ ನಡೆಯುವುದಿಲ್ಲ. ದೆಹಲಿಯ ವಿದ್ಯುತ್ ಕಂಪನಿ ಬಿಎಸ್‌ಇಎಸ್ ಯಮುನಾ ಪವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಹೇಳಿತು. ಹಾಗಾಗಿ ಸೇವಾ ಪುಸ್ತಕ ನೋಡದೆ ಸರ್ಕಾರಿ ನೌಕರರ ಪತ್ರಕ್ಕೆ ನಾನು ಕೈ ಹಾಕುವುದಿಲ್ಲ. ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗುವವರದ್ದು ತಾಂತ್ರಿಕ ರಾಜೀನಾಮೆ. ಅರ್ಜಿ ಇಲಾಖೆಯ ಮೂಲಕವೇ ಹೋಗಿರಬೇಕು. ‘ಅನುಮತಿ ಪಡೆದು ಇಂಥ ಹುದ್ದೆಗೆ ಸೇರಲು’ ಎಂಬ ಸಾಲು ಪತ್ರದಲ್ಲಿದ್ದರೆ ಹಳೆಯ ಸೇವೆ ಮುಂದಕ್ಕೆ ಸೇರುತ್ತದೆ.

ಮನಸ್ಸು ಬದಲಾದರೆ? ಮುಂದಿನ ದಿನಾಂಕಕ್ಕೆ ಕೊಟ್ಟ ರಾಜೀನಾಮೆಯನ್ನು ಸಾಮಾನ್ಯವಾಗಿ ಆ ದಿನಕ್ಕೆ ಮೊದಲು ಹಿಂಪಡೆಯಬಹುದು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಆಗಸ್ಟ್ 1ರಿಂದ ಜಾರಿಗೆ ಬರುವಂತೆ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಜುಲೈನಲ್ಲಿ ಹಿಂಪಡೆದರು. ಸುಪ್ರೀಂ ಕೋರ್ಟ್ 1978ರಲ್ಲಿ ಅದನ್ನು ಎತ್ತಿಹಿಡಿಯಿತು. ‘ತಕ್ಷಣದಿಂದ’ ಎಂದು ಬರೆದವರಿಗೆ ಈ ಕಿಟಕಿ ಮುಚ್ಚಿದಂತೆಯೇ.

ಖಾಸಗಿ ಕಂಪನಿಯಲ್ಲಿ ದುಡ್ಡು ಹೋಗುವುದು ನೋಟಿಸ್ ಲೆಕ್ಕದಲ್ಲಿ. 90 ದಿನದ ನೋಟಿಸ್‌ನಲ್ಲಿ 60 ದಿನ ಮಾತ್ರ ಮಾಡಿದರೆ ಉಳಿದ 30 ದಿನದ ಹಣ ಕಡಿತವಾಗುತ್ತದೆ. ಬೇಸಿಕ್ (ಮೂಲ ವೇತನ) ಮೇಲೋ ಗ್ರಾಸ್ (ಭತ್ಯೆಗಳೂ ಸೇರಿದ ಒಟ್ಟು ಸಂಬಳ) ಮೇಲೋ ಎಂಬುದು ಆಫರ್ ಲೆಟರ್‌ನಲ್ಲಿರುತ್ತದೆ. ಬೇಸಿಕ್ 30,000, ಗ್ರಾಸ್ 75,000 ಇರುವವರಿಗೆ ವ್ಯತ್ಯಾಸ 45,000 ರೂಪಾಯಿ. ಹಣ ಕಟ್ಟಿ ಬೇಗ ಹೋಗುವ ಆಯ್ಕೆ ನಮಗೂ ಇದೆಯೋ, ಕಂಪನಿ ಒಪ್ಪಿದರೆ ಮಾತ್ರವೋ ಎಂಬುದನ್ನೂ ಅಲ್ಲೇ ನೋಡಬೇಕು. ಈ ಕಡಿತದ ಮೇಲೆ ಜಿಎಸ್‌ಟಿ ಹಾಕಿದರೆ ಒಪ್ಪಬೇಡಿ, ಅದು ಅನ್ವಯಿಸುವುದಿಲ್ಲ ಎಂದು 2022ರಲ್ಲೇ ಸುತ್ತೋಲೆ ಬಂದಿದೆ.

ಕಾಯಂ ನೌಕರರ ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವಾವರ್ಷದ ಲೆಕ್ಕದಲ್ಲಿ ಸಿಗುವ ಹಣ) ಐದು ವರ್ಷ ತುಂಬಬೇಕಾದದ್ದು ಕೊನೆಯ ದಿನಕ್ಕೆ, ಪತ್ರ ಕೊಟ್ಟ ದಿನಕ್ಕಲ್ಲ. ನೋಟಿಸ್ ಅವಧಿಯೂ ಸೇವೆಯೇ. ನಾಲ್ಕು ವರ್ಷ 240 ದಿನವಷ್ಟೇ ಆದವರಿಗೆ ಕೆಲವು ಕಂಪನಿಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಆ ಜಗಳಕ್ಕೆ ಹೋಗುವ ಬದಲು ನಾನು ಕೊನೆಯ ದಿನವನ್ನೇ ಮುಂದಕ್ಕೆ ಹಾಕುತ್ತೇನೆ. ಲೆಕ್ಕ ಸಾಮಾನ್ಯವಾಗಿ ಹೀಗೆ: ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವಾವರ್ಷದಿಂದ ಗುಣಿಸುವುದು. ಆರು ತಿಂಗಳು ಮೀರಿದ್ದು ಪೂರ್ತಿ ವರ್ಷ. 40,000 ರೂಪಾಯಿಗೆ 7 ವರ್ಷ 8 ತಿಂಗಳಾದರೆ 1,84,615 ರೂಪಾಯಿ.

ಪಿಎಫ್ (ಭವಿಷ್ಯ ನಿಧಿ) ಹಣವನ್ನು ಹಿಂಪಡೆಯುವುದಕ್ಕಿಂತ ಹೊಸ ಕಂಪನಿಯ ಖಾತೆಗೆ ವರ್ಗಾಯಿಸುವುದು ಲೇಸು, ಐದು ವರ್ಷದೊಳಗೆ ತೆಗೆದರೆ ತೆರಿಗೆ ಬೀಳುತ್ತದೆ. ಹಳೆ ಕಂಪನಿ ಕೆಲಸ ಬಿಟ್ಟ ದಿನಾಂಕ ನಮೂದಿಸದಿದ್ದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪೋರ್ಟಲ್‌ನ ‘ಮಾರ್ಕ್ ಎಕ್ಸಿಟ್’ನಲ್ಲಿ ಆಧಾರ್ ಒಟಿಪಿ ಕೊಟ್ಟು ನಾವೇ ನಮೂದಿಸಬಹುದು. ಆ ದಿನಾಂಕ ರಿಲೀವಿಂಗ್ ಲೆಟರ್‌ನಲ್ಲಿ (ಕಂಪನಿ ಕೊಡುವ ಬಿಡುಗಡೆ ಪತ್ರ) ಇರುವುದೇ ಆಗಿರಲಿ, ಹಾಕಿದ ಮೇಲೆ ತಿದ್ದಿಸುವುದು ರಗಳೆ.