ಕಾಗೋಡಿನ ಕೊಳಗ, ಒಂದು ಮನೆಯ ಪಹಣಿ: ವಿದ್ಯಾರ್ಥಿ ಸಮ್ಮೇಳನದಲ್ಲಿ ನನ್ನ ಅನುಭವ

ಎಂ.ಎ. ಓದುವಾಗ ಆಧುನಿಕ ಮತ್ತು ಸಮಕಾಲೀನ ಇತಿಹಾಸದ ವಿದ್ಯಾರ್ಥಿ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದೆ. ವಿಷಯ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಮಾಡಿದ್ದು, ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತು. ಅದನ್ನೇ ಮತ್ತೆ ಹೇಳುತ್ತಾ ಕೂತರೆ ಕೊಟ್ಟ ಸಮಯ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಒಂದೇ ಪ್ರಶ್ನೆ ಹಿಡಿದೆ. ಜಮೀನಿನ ಒಡೆಯರಿಗೆ ಗೇಣಿಯಾಗಿ ಕೊಡುವ ಭತ್ತ ಅಳೆಯುವ ಪಾತ್ರೆ, ಅಂದರೆ ಕೊಳಗ, ದೊಡ್ಡದು ಎಂಬ ತಕರಾರು, 1974ರ ಹೊತ್ತಿಗೆ ನೆಲದ ಒಡೆತನದವರೆಗೆ ಬಂತಲ್ಲ, ಅದು ಒಂದು ಮನೆಯ ಕಾಗದಗಳಲ್ಲಿ ಹೇಗೆ ಕಾಣುತ್ತದೆ?

ಪರಿಚಯದ ಮನೆಯವರೊಬ್ಬರು ಹಳೆಯ ಕಾಗದದ ಕಟ್ಟು ಬಿಚ್ಚಿ ತೋರಿಸಿದರು. ಜಮೀನಿನ ಸರ್ಕಾರಿ ದಾಖಲೆಯಾದ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಉಳುವವರ ಹೆಸರು. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ತಾವು ಉಳುತ್ತಿದ್ದ ನೆಲದ ಒಡೆತನ ಕೇಳಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಆದೇಶ ಬಂದ ಮೇಲಿನ ಪಹಣಿಯಲ್ಲಿ ಎರಡೂ ಕಾಲಂಗಳಲ್ಲಿ ಒಂದೇ ಹೆಸರು! ಆ ಎರಡು ಪಹಣಿಗಳನ್ನು ಅಕ್ಕಪಕ್ಕ ಇಟ್ಟು ಪರದೆ ಮೇಲೆ ತೋರಿಸಿದೆ, ಹೆಸರು ಮತ್ತು ಸರ್ವೆ ನಂಬರ್ ಮರೆಮಾಡಿ. ನನ್ನ ಪ್ರಬಂಧದ ಜೀವ ಅಲ್ಲೇ ಇತ್ತು.

ಹಿರಿಯರ ಜೊತೆ ಮಾತಾಡುವಾಗ "ಸತ್ಯಾಗ್ರಹದ ಬಗ್ಗೆ ಹೇಳಿ" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಸಭೆಗಳಲ್ಲಿ ಕೇಳಿದ ಭಾಷಣವನ್ನೇ ನಮಗೂ ಹೇಳುತ್ತಾರೆ. "ಅಜ್ಜ, ಗೇಣಿ ಭತ್ತ ಎಲ್ಲಿ ಅಳೀತಿದ್ರು? ಕೊಳಗ ಯಾರು ಹಿಡೀತಿದ್ರು? ನೀವು ಎಲ್ಲಿ ನಿಲ್ತಿದ್ರಿ?" ಅಂತ ಕೇಳಿದೆ. ಆಗ ಕಣ, ಚೀಲ, ಜಮೀನಿನ ಒಡೆಯರ ಅಂಗಳ ಎಲ್ಲವೂ ಮಾತಿಗೆ ಬಂದವು. ಒಡೆಯರ ಮನೆಯವರನ್ನೂ ಮಾತಾಡಿಸಿದೆ. ಅದು ಬೇಕೇ ಬೇಕು. ಜಮೀನು ಬಿಟ್ಟವರ ನೆನಪೂ ಇತಿಹಾಸವೇ ಅಲ್ವಾ?

ಮಂಡನೆಗೆ ಬರೆದದ್ದನ್ನು ಓದಲಿಲ್ಲ. ಪಹಣಿ ನೋಡುತ್ತಾ ಮಾತಾಡಿದೆ. ಕೇಳುತ್ತಿದ್ದವರೂ ಕಾಲಂಗಳನ್ನೇ ನೋಡುತ್ತಿದ್ದರು.

ಕೊನೆಗೆ ಬೇರೆ ಊರಿನ ವಿದ್ಯಾರ್ಥಿನಿಯೊಬ್ಬರು ಕೇಳಿದರು: "12ನೇ ಕಾಲಂನಲ್ಲೂ ಹೆಸರಿಲ್ಲದೆ ಅದೇ ಗದ್ದೆಯಲ್ಲಿ ಕೂಲಿ ಮಾಡಿದವರಿಗೆ ಏನು ಸಿಕ್ಕಿತು?" ಒಳ್ಳೆಯ ಪ್ರಶ್ನೆ. ನಮೂನೆ 7 ಗೇಣಿದಾರರಿಗಾಗಿ ಇದ್ದದ್ದು. ಗೇಣಿ ಇಲ್ಲದ ಕೂಲಿಯವರು ಅದರಲ್ಲಿ ಬರುತ್ತಿರಲಿಲ್ಲ. ಅಷ್ಟು ಉತ್ತರ ಹೇಳಿದೆ. ಆದರೆ ಕೂಲಿಯವರ ಮನೆಗಳಲ್ಲಿ ಬಿಚ್ಚಿ ನೋಡಲು ಕಾಗದದ ಕಟ್ಟು ಇರುವುದಿಲ್ಲ. ಅವರ ಕಥೆಗೆ ಮಾತೇ ಆಧಾರ. ಈಗ ಆ ಸಂದರ್ಶನಗಳನ್ನೇ ಮಾಡುತ್ತಿದ್ದೇನೆ. ನಾಟಿ, ಕೊಯ್ಲಿನ ಕೂಲಿ ಏನು ಸಿಗುತ್ತಿತ್ತು ಎಂಬಲ್ಲಿಂದ ಮಾತು ಶುರು ಮಾಡುತ್ತೇನೆ.