ಹಳೆ ಕ್ಯಾನ್ವಾಸಿಗೆ ಎರಡನೇ ಕೈ

"ಹಳೆಯದನ್ನು ಮುಟ್ಟಬೇಡ, ಹೊಸದು ಮಾಡು." ಜೊತೆಯ ಕಲಾವಿದರಿಂದ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಬೆಂಗಳೂರಿನಲ್ಲಿ ಬೀದಿಯಲ್ಲೇ ಚಿತ್ರ ಮಾರುವ ಕಳೆದ ಚಿತ್ರಸಂತೆಗೆ ಒಂಬತ್ತು ಕ್ಯಾನ್ವಾಸ್ ಒಯ್ದಿದ್ದೆ. ಅದರಲ್ಲಿ ಆರು ತಿದ್ದಿದ ಹಳೆ ಚಿತ್ರಗಳು. ಸಂಜೆ ಕುಮಾರಕೃಪಾ ರಸ್ತೆಯಲ್ಲಿ ಗಂಟುಮೂಟೆ ಕಟ್ಟುವ ಹೊತ್ತಿಗೆ ನಾಲ್ಕು ಹೋಗಿದ್ದವು. ನಾಲ್ಕೂ ತಿದ್ದಿದವೇ!

ತಿದ್ದಿದವೆಲ್ಲ 2009ರ ಆಸುಪಾಸಿನ ಆಯಿಲ್, ಅಂದರೆ ಎಣ್ಣೆಬಣ್ಣದ ಚಿತ್ರಗಳು. ತುಂಗಾ ದಂಡೆ, ಅಡಿಕೆ ತೋಟ, ಹಂಪಿಯ ಬಂಡೆ. ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಬಿದ್ದಿದ್ದವು. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಬೂಷ್ಟು ಹಿಡಿದಿತ್ತು.

ಮೊದಲ ತಪ್ಪಿಗೆ ಐದಾರು ಸಾವಿರ ಕಳೆದುಕೊಂಡೆ. ಬೇಗ ಒಣಗಲಿ ಎಂದು ಆಯಿಲ್ ಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಹಾಕಿದೆ. ಬೇಡ ಅನ್ನುವುದು ಗೊತ್ತಿತ್ತು, ಆದರೂ ಹಾಕಿದೆ. ಚಿತ್ರ ಮಾರಾಟವೂ ಆಯಿತು. ಒಂದು ಮಳೆಗಾಲ ಕಳೆದ ಮೇಲೆ ಕೊಂಡವರು ಫೋಟೊ ಕಳಿಸಿದರು. ಆಕಾಶವೆಲ್ಲ ಹಪ್ಪಳದ ಹಾಗೆ ಎದ್ದಿತ್ತು. ಹಣ ವಾಪಸ್ ಕೊಟ್ಟೆ, ಕೊರಿಯರ್ ಖರ್ಚನ್ನೂ ಕೊಟ್ಟೆ. ಎರಡನೇ ಸಲ ಆಯಿಲನ್ನೇ ಹಿಡಿದೆ, ಆದರೆ ಹಳೆ ವಾರ್ನಿಶ್ ತೆಗೆಯಲಿಲ್ಲ. ಬಣ್ಣ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಂತಿತು.

ಈಗ ಮಾಡುವುದು ಹೀಗೆ. ಬೂಷ್ಟು ಪೂರ್ತಿ ಒಣಗಿದ ಮೇಲೆ, ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಿಂದ ತೆಗೆಯುತ್ತೇನೆ. ಬೂಷ್ಟಿಲ್ಲದ, ಬರೀ ಹೊಗೆ, ಕೊಳೆ ಹಿಡಿದ ಕಡೆ ಹತ್ತಿಕಡ್ಡಿಗೆ ಎಂಜಲು ಹಚ್ಚಿ ಉರುಳಿಸುತ್ತೇನೆ. ಮುಖ ಸಿಂಡರಿಸಬೇಡಿ, ಮ್ಯೂಸಿಯಂಗಳಲ್ಲಿ ಚಿತ್ರ ಶುಚಿ ಮಾಡುವವರೂ ಇದನ್ನೇ ಬಳಸುತ್ತಾರೆ. ವಾರ್ನಿಶ್ ಇದ್ದರೆ ತೆಗೆದು, 400ರ ನುಣುಪು ಉಪ್ಪುಕಾಗದ, ಅಂದರೆ ವಾಟರ್ ಪೇಪರ್‌ನಲ್ಲಿ ಒದ್ದೆ ಮಾಡಿ ಹಗುರಾಗಿ ಉಜ್ಜುತ್ತೇನೆ. ನೀರು ಪೂರ್ತಿ ಆರಿದ ಮೇಲೆ ಲಿನ್ಸೀಡ್ (ಅಗಸೆ) ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು ಬೆರೆಸಿ ತೆಳ್ಳಗೆ ಸವರಿ, ಬಟ್ಟೆಯಿಂದ ಒರೆಸಿಬಿಡುತ್ತೇನೆ. ಸತ್ತಂತಿದ್ದ ಕಪ್ಪು ಅಲ್ಲೇ ಜೀವ ಪಡೆಯುತ್ತದೆ. ಎಷ್ಟೋ ಚಿತ್ರಕ್ಕೆ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಒಂದಿಡೀ ವರ್ಷ ನಾನು ಬಣ್ಣ ಬದಲಿಸುತ್ತಲೇ ಕೂತಿದ್ದೆ. ತೊಂದರೆ ಬಣ್ಣದಲ್ಲಿ ಇರಲೇ ಇಲ್ಲ. ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿದರೆ ಅಡಿಕೆ ತೋಟದ ಹಸಿರುಗಳೆಲ್ಲ ಒಂದೇ ಬೂದಿ. ಹತ್ತಿರದ ಮರಕ್ಕೂ ಹಿಂದಿನ ಗುಡ್ಡಕ್ಕೂ ವ್ಯತ್ಯಾಸವೇ ಇಲ್ಲ! ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕೆಂಗಂದು ಸೇರಿಸಿ ಮುಂದಿನ ನೆರಳಿಗೆ ಎರಡು ತೆಳು ಗ್ಲೇಜ್, ಅಂದರೆ ಕೆಳಗಿನದು ಕಾಣುವಂಥ ಬಣ್ಣದ ಪದರ ಕೊಟ್ಟೆ. ತೋಟ ಒಳಕ್ಕೆ ಸರಿಯಿತು. ಅದರಲ್ಲಿ ಮೂರನೆಯ ಬಣ್ಣವೊಂದಿದೆ, ಅದನ್ನು ಮಾತ್ರ ಹೇಳುವುದಿಲ್ಲ.

ನದಿಯ ಚಿತ್ರದಲ್ಲಿ ದೋಣಿ ಬೇಡವಾಗಿತ್ತು. ಮೇಲೆ ಬಣ್ಣ ಬಳಿದೆ. ಅಡ್ಡ ಬೆಳಕಿಗೆ ಹಿಡಿದರೆ ದೋಣಿಯ ಅಂಚು ಹಾಗೇ ಕಾಣುತ್ತಿತ್ತು. ಕೊನೆಗೆ ಬ್ಲೇಡಿನಿಂದ ಕೆರೆದು ಮತ್ತೆ ಹಾಕಿದೆ. ನೀರನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಅವತ್ತು ಒಂದೇ ಬೆಳಗಿನಲ್ಲಿ, ಹೆದರಿಕೆಯೇ ಇಲ್ಲದೆ ಮಾಡಿದ್ದೆ. ಆ ಕೈ ಈಗ ನನಗೆ ಬರುವುದಿಲ್ಲ. ಯಾವ ಚಿತ್ರದಲ್ಲೂ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ನಾನು ತಿದ್ದುವುದಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. 30 ಇಂಚು, 40 ಇಂಚಿನ ಹಂಪಿ ಚಿತ್ರವನ್ನು ಮೂರಾಗಿ ಕತ್ತರಿಸಿ ಸಣ್ಣ ಚೌಕಟ್ಟಿಗೆ ಎಳೆದೆ. ಒಂದು ಮಡಿಚುವಲ್ಲಿ ಬಿರುಕು ಬಿಟ್ಟಿತು. ಉಳಿದೆರಡು ಮೂಲ ಚಿತ್ರಕ್ಕಿಂತ ಚೆನ್ನಾಗಿವೆ.

ಒಂದೊಂದಕ್ಕೆ ಬಣ್ಣ, ಎಣ್ಣೆ ಎಲ್ಲ ಸೇರಿ ಏಳೆಂಟು ನೂರು ಆಗಿರಬಹುದು. ಮೊದಲು ಎರಡು ಸಾವಿರಕ್ಕೂ ಯಾರೂ ಕೇಳದಿದ್ದವು ಎಂಟರಿಂದ ಹದಿನಾಲ್ಕು ಸಾವಿರಕ್ಕೆ ಹೋದವು. ಕ್ಯಾನ್ವಾಸಿನ ಹಿಂಬದಿಯಲ್ಲಿ ಚಿತ್ರ ಮಾಡಿದ, ತಿದ್ದಿದ ಎರಡೂ ಇಸವಿ ಬರೆದಿರುತ್ತೇನೆ, ಕೊಳ್ಳುವವರಿಗೆ ಬಾಯಲ್ಲೂ ಹೇಳುತ್ತೇನೆ. ಒಬ್ಬರು ಆ ಎರಡು ಇಸವಿ ನೋಡಿಯೇ ಕೊಂಡರು.

ಈಗ ಈಸೆಲ್ ಮೇಲೆ ಇನ್ನೊಂದು ಹಂಪಿ ಇದೆ. ಎರಡನೇ ಗ್ಲೇಜ್ ಇನ್ನೂ ಬೆರಳಿಗೆ ಅಂಟುತ್ತದೆ. ಮಳೆ ನಿಲ್ಲುವ ತನಕ ಮುಟ್ಟುವುದಿಲ್ಲ.