8 ಜಿಬಿ ಹಾಕಿದರೆ 4 ತೋರಿಸಿದ ಬೋರ್ಡು

ಬದಿಯಡ್ಕದ ನಮ್ಮ ಮನೆಗೆ ಆ ಪಾರ್ಸೆಲ್ ಬಂದದ್ದು ಜೋರು ಮಳೆಯ ದಿನ. ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಮದರ್‌ಬೋರ್ಡ್, ಎಲ್‌ಜಿಎ 1155 ಸಾಕೆಟ್ಟಿನದ್ದು (ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ, ಸಣ್ಣ ಸಣ್ಣ ಪಿನ್ನುಗಳಿರುವ ಜಾಗ). ಸುತ್ತ ಒಂದೇ ಪದರ ಬಬಲ್ ಶೀಟು. ಸಾಕೆಟ್ ಮೇಲೆ ಇರಬೇಕಾದ ಪ್ಲಾಸ್ಟಿಕ್ ಮುಚ್ಚಳವೇ ಇಲ್ಲ! ಆಗಲೇ ಸಂಶಯ ಬರಬೇಕಿತ್ತು. ನಾನು ಅವಸರದಲ್ಲಿ ಪ್ರೊಸೆಸರ್ ಕೂರಿಸಿಬಿಟ್ಟೆ.

ಆನ್ ಏನೋ ಆಯಿತು. ಆದರೆ 4 ಜಿಬಿಯ ಎರಡು ರ‍್ಯಾಮ್ ಹಾಕಿದರೂ 4 ಜಿಬಿ ಮಾತ್ರ ಕಾಣುತ್ತಿತ್ತು. ಅದಲುಬದಲು ಮಾಡಿ ನೋಡಿದೆ. ಎರಡೂ ರ‍್ಯಾಮ್ ಸರಿಯಿವೆ, ಒಂದು ಸ್ಲಾಟ್ ಸತ್ತಿದೆ. ಅದನ್ನು ಉಜ್ಜಿ ಉಜ್ಜಿ ಒಂದು ಸಂಜೆ ಸುಮ್ನೆ ಹಾಳು. ಈ ಕಾಲದ ಮೆಮೊರಿ ಕಂಟ್ರೋಲರ್ (ರ‍್ಯಾಮನ್ನು ನಡೆಸುವ ಭಾಗ) ಪ್ರೊಸೆಸರ್ ಒಳಗೇ ಇರುತ್ತದೆ ಅಲ್ವಾ? ಅಲ್ಲಿಂದ ಸ್ಲಾಟಿಗೆ ದಾರಿ ಸಾಕೆಟ್ಟಿನ ಪಿನ್ನುಗಳ ಮೂಲಕವೇ. ಹಾಗಾಗಿ ಸಾಕೆಟ್ಟಿನ ಪಿನ್ ಸೊಟ್ಟಗಾದರೂ ಸ್ಲಾಟ್ ಸತ್ತಂತೆ ಕಾಣುತ್ತದೆ.

ಕರೆಂಟ್ ತೆಗೆದು, ಪ್ರೊಸೆಸರ್ ಎತ್ತಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಸರಿಯಿರುವ ಪಿನ್ನುಗಳು ಗದ್ದೆಯ ನೇಜಿ ಸಾಲಿನ ಹಾಗೆ ಒಂದೇ ರೀತಿ ಮಿಂಚುತ್ತವೆ. ಅಂಚಿನಲ್ಲಿ ಎರಡು ಮಾತ್ರ ಮಿಂಚಲಿಲ್ಲ. ಅಜ್ಜ ಪಂಚಾಂಗ ಓದುವ ಭೂತಗನ್ನಡಿ, ಅಮ್ಮನ ಹೊಲಿಗೆ ಸೂಜಿ, ಇಷ್ಟೇ ಸಲಕರಣೆ. ಕೂದಲೆಳೆಯಷ್ಟು ತಳ್ಳಬೇಕು, ನೋಡಬೇಕು, ಮತ್ತೆ ತಳ್ಳಬೇಕು. ಹಿಂದೆ ಮುಂದೆ ಬಗ್ಗಿಸಿದರೆ ಪಿನ್ ಮುರಿದೇ ಹೋಗುತ್ತದೆ. ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕೂತೆ.

8 ಜಿಬಿ ಬಂತು. ಮಾರಿದವರು ಫೋಟೋ ನೋಡಿ 300 ರೂಪಾಯಿ ವಾಪಸ್ ಕೊಟ್ಟರು. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿದ್ದರೆ ಇನ್ನೂ ಜಾಸ್ತಿ ಕೇಳಬಹುದಿತ್ತು. ಅಮ್ಮ ಮಾತ್ರ ಇನ್ನೂ ಸೂಜಿ ಹುಡುಕುತ್ತಿದ್ದಾಳೆ.